ಬಣ್ಣ ಬಯಲಾದ ಗೋಡೆ

ಮಳೆರಾಯನೇ ಖುದ್ದಾಗಿ ಬಂದು ತಲೆ ಚಚ್ಚಿಕೊಂಡರೂ ಮನೆಯ ಹೊರಗೋಡೆಯಿಂದ ಒಂದು ಚಕ್ಕೆ ಏಳಬಾರದು, ಅಂಥ ಲೇಪವನ್ನು ಹುಡುಕಿಯೇ ತೀರುತ್ತೇನೆ ಎಂದು ಕೋದಂಡರಾಮಪ್ಪ ಮೇಷ್ಟ್ರು ಯುಗಾದಿ ದಿನ ಊಟದೆಲೆಯ ಮುಂದೆ ಪ್ರತಿಜ್ಞೆ ಮಾಡಿದರು. ಭೀಷ್ಮಪ್ರತಿಜ್ಞೆಗೆ ದೇವತೆಗಳು ಹೂಮಳೆ ಸುರಿಸಿದರಂತೆ. ಇವರ ಪ್ರತಿಜ್ಞೆಗೆ ಹೆಂಡತಿ ಆದಿಲಕ್ಷ್ಮಮ್ಮ ಹೋಳಿಗೆಯ ಮೇಲೆ ತುಪ್ಪ ಸುರಿದು ಒಳಗೆ ಹೋದರು.

ಪ್ರತಿಜ್ಞೆಗೆ ಕಾರಣವಿತ್ತು. ಹೋದ ಮಳೆಗಾಲದಲ್ಲಿ ರಸ್ತೆ ಕಡೆಯ ಗೋಡೆಯ ಪೇಂಟು ಹಪ್ಪಳದಂತೆ ಉಬ್ಬಿ, ಸಂಜೆ ಹೊತ್ತಿಗೆ ಒಂದೊಂದೇ ಕಳಚಿ ತುಳಸಿಕಟ್ಟೆಯ ಮೇಲೆ ಬಿದ್ದಿತ್ತು. ಕೋಲಾರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವ ಮನುಷ್ಯನ ಮನೆಯ ಗೋಡೆಗೇ ಚರ್ಮರೋಗ ಬಂದರೆ ಮುಳಬಾಗಿಲಿನಲ್ಲಿ ತಲೆಯೆತ್ತಿ ಓಡಾಡುವುದು ಹೇಗೆ?

ಪಕ್ಕದ ಮನೆಯ ಸುಭಾನ್ ಅವರದೇ ಪೇಂಟ್ ಅಂಗಡಿ. ಮೇಷ್ಟ್ರು ಹೋಗಿ ಕೂತರು. ಸುಭಾನ್ ಒಂದೊಂದೇ ಡಬ್ಬ ಇಳಿಸಿ, ಇದು ಎಮಲ್ಷನ್, ಇದು ಸಿಮೆಂಟ್ ಪೇಂಟ್, ಇದು ಮರಳು ಮರಳಾಗಿರುವ ಟೆಕ್ಸ್ಚರು, ಇದು ನೀರು ನಿಲ್ಲದ ವಾಟರ್‌ಪ್ರೂಫ್ ಕೋಟಿಂಗು ಎಂದು ವಿವರಿಸಿ, ಎಲ್ಲದಕ್ಕೂ ಗ್ಯಾರಂಟಿ ಇದೆ ಎಂದರು. ಗ್ಯಾರಂಟಿ ಎಂಬುದು ಅಂಗಡಿಯ ಮಾತು, ಪ್ರಯೋಗ ಎಂಬುದು ವಿಜ್ಞಾನದ ಮಾತು ಎಂದು ಹೇಳಿ ಮೇಷ್ಟ್ರು ಎಲ್ಲದರಲ್ಲೂ ಸಣ್ಣ ಸಣ್ಣ ಡಬ್ಬ ಹೊತ್ತು ತಂದರು.

ಗೋಡೆಯ ಮೇಲೆ ಅಕ್ಕಪಕ್ಕದಲ್ಲಿ ನಾಲ್ಕು ಪಟ್ಟೆ ಬಳಿದದ್ದಾಯಿತು. ಚೆನ್ನಾಗಿ ಒಣಗಿದ ಮೇಲೆ ಪೈಪು ಹಿಡಿದು ನೀರು ಬಿಟ್ಟರು. ನಾಲ್ಕೂ ಜಗ್ಗಲಿಲ್ಲ. ಕೆಸರು ಎರಚಿದರು. ಒರೆಸಿದರೆ ನಾಲ್ಕೂ ಹೋಯಿತು, ಅಂದರೆ ಕೆಸರು ಹೋಯಿತು. ಎಲ್ಲರೂ ಪಾಸಾಗುವ ಪರೀಕ್ಷೆ ಪರೀಕ್ಷೆಯೇ ಅಲ್ಲ ಎಂಬುದು ಮೇಷ್ಟ್ರ ಮೂವತ್ತು ವರ್ಷದ ಸಿದ್ಧಾಂತ. ಇನ್ನೂ ಕಠಿಣವಾದ ಪ್ರಶ್ನೆಪತ್ರಿಕೆ ಬೇಕು ಎಂದು ಚಿಂತಿಸುತ್ತ ಬಾಗಿಲಲ್ಲಿ ನಿಂತಿದ್ದಾಗಲೇ ಮಾರ್ಕೆಟ್ಟಿಗೆ ಹೋಗುವ ಟೆಂಪೊ ಒಂದು ತಿರುವಿನಲ್ಲಿ ಓಲಾಡಿ, ಒಂದು ಕ್ರೇಟು ಟೊಮ್ಯಾಟೊ ಉದುರಿಸಿ, ತಿರುಗಿಯೂ ನೋಡದೆ ಹೊರಟುಹೋಯಿತು. ರೇಟು ಬಿದ್ದಿದ್ದ ಕಾಲ. ಅದನ್ನು ಎತ್ತಿಕೊಳ್ಳಲು ಟೆಂಪೊ ನಿಲ್ಲಿಸುವವರು ಯಾರು?

ಮೇಷ್ಟ್ರ ಕಣ್ಣು ಹೊಳೆಯಿತು. ಹುಳಿಯೂ ಉಂಟು, ಬಣ್ಣವೂ ಉಂಟು, ಬೀಜವೂ ಉಂಟು. ಗೋಡೆಗೆ ಇದಕ್ಕಿಂತ ದೊಡ್ಡ ಅಗ್ನಿಪರೀಕ್ಷೆ ಇಲ್ಲ. ಅವರು ರಸ್ತೆಯ ಆಚೆ ಬದಿಗೆ ಹೋಗಿ, ಪಂಚೆ ಎತ್ತಿ ಕಟ್ಟಿ, ಮೊದಲ ಹಣ್ಣು ಬೀಸಿದರು. ಅದು ಎಮಲ್ಷನ್ನಿನ ನಡುಮಧ್ಯೆ ಪಚಕ್ಕೆಂದಿತು. ಎರಡನೆಯದು, ಮೂರನೆಯದು. ಬರಬರುತ್ತ ಉತ್ಸಾಹ ಏರಿ ಗೋಡೆಯ ಜೊತೆ ಮಾತಿಗೇ ಇಳಿದರು.

“ಹೋದ ವರ್ಷ ಮರ್ಯಾದೆ ಕಳೆದೆಯಲ್ಲ, ಈಗ ತಡ್ಕೋ ನೋಡೋಣ. ಇವತ್ತು ನಿನ್ನ ಬಣ್ಣ ಬಯಲು ಮಾಡ್ತೀನಿ.”

ಆ ಗೋಡೆಯಲ್ಲಿ ಒಂದು ಕಿಟಕಿ ಇತ್ತು. ಕಿಟಕಿಯ ಹಿಂದೆ, ಇದೇನು ಪಚಪಚ ಸದ್ದು ಎಂದು ನೋಡಲು ಬಂದ ಆದಿಲಕ್ಷ್ಮಮ್ಮ ನಿಂತಿದ್ದರು. ಪಕ್ಕದ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದ ಸುಭಾನ್ ಅವರ ಹೆಂಡತಿ ರಹೀಮಾಗೆ ಗೋಡೆಯ ಪಟ್ಟೆಯ ಮೇಲೆ ಗಮನ ಹೋಗಲಿಲ್ಲ. ಹಣ್ಣು ಕಾಣಿಸಿತು, ಕಿಟಕಿಯ ಹೆಂಗಸು ಕಾಣಿಸಿದಳು, ಮಾತು ಸ್ಪಷ್ಟವಾಗಿ ಕೇಳಿಸಿತು. ಆಕೆ ಬಕೆಟ್ಟನ್ನು ಅಲ್ಲೇ ಬಿಟ್ಟು ಕೆಳಗೋಡಿ ಗಂಡನಿಗೆ ಹೇಳಿದಳು. ಬಂಗಾರದಂಥ ಸಂಸಾರಕ್ಕೆ ಯಾರ ಕಣ್ಣು ಬಿತ್ತೋ ಎಂದು ನೊಂದುಕೊಂಡ ಸುಭಾನ್, ಆವನಿಯಲ್ಲಿದ್ದ ಆದಿಲಕ್ಷ್ಮಮ್ಮನ ತಮ್ಮ ವೆಂಕಟರಾಯಪ್ಪನಿಗೆ ಫೋನು ಹಚ್ಚಿದರು.

ವೆಂಕಟರಾಯಪ್ಪ ಸಾಮಾನ್ಯನಲ್ಲ. ಆವನಿಯ ಸುತ್ತಮುತ್ತ ಯಾವ ಗಂಡ ಹೆಂಡಿರು ಮುನಿಸಿಕೊಂಡರೂ ರಾಜಿಗೆ ಅವನೇ ಹೋಗಬೇಕು. ಸ್ವಂತ ಅಕ್ಕನ ಮನೆಯಲ್ಲೇ ಕೇಸು ಸಿಕ್ಕಿದೆ ಎಂದ ಮೇಲೆ ಬೈಕು ನೆಲದ ಮೇಲೆ ಓಡಲಿಲ್ಲ. ಮೇಷ್ಟ್ರು ಕ್ರೇಟು ಖಾಲಿ ಮಾಡಿ, ಕೈತೊಳೆದುಕೊಂಡು, ಫಲಿತಾಂಶ ನೋಡೋಣ ಎಂದು ಹೊರಬರುವಷ್ಟರಲ್ಲಿ ಅವನು, ಸುಭಾನ್, ರಹೀಮಾ ಮೂವರೂ ಹಜಾರದಲ್ಲಿ ಕೂತಾಗಿತ್ತು.

ಏನಾಯಿತಕ್ಕ ಎಂದು ವೆಂಕಟರಾಯಪ್ಪ ಕೇಳಿದ. ಆದಿಲಕ್ಷ್ಮಮ್ಮನಿಗೆ ನಗು ಒತ್ತರಿಸಿಕೊಂಡು ಬಂತು. ಸೆರಗು ಬಾಯಿಗೆ ತುರುಕಿಕೊಂಡರು. ಭುಜ ಕುಲುಕಿತು, ಕಣ್ಣಲ್ಲಿ ನೀರು ಬಂತು. ರಹೀಮಾ ಅವರ ಬೆನ್ನು ಸವರುತ್ತ ತಾನೂ ಅತ್ತಳು.

ಮೇಷ್ಟ್ರು ಗಾಬರಿಯಾಗಿ ಎಲ್ಲವನ್ನೂ ಬಿಡಿಸಿ ಹೇಳಿದರು. ಲೇಪ, ಪಟ್ಟೆ, ಆಮ್ಲ, ಟೊಮ್ಯಾಟೊ, ಒಂದನ್ನೂ ಬಿಡಲಿಲ್ಲ. ಸುಭಾನ್ ನೆಲ ನೋಡಿದರು. ವೆಂಕಟರಾಯಪ್ಪ ಹತ್ತಿರ ಬಂದು, ಭಾವನ ಕೈ ಹಿಡಿದು, ದನಿ ತಗ್ಗಿಸಿದ.

“ಬಾವ, ಹೆಂಡ್ತಿ ಮೇಲೆ ಕೋಪ ಬಂದು ಎಸೆದೆ ಅಂದ್ರೆ ನಾವು ರಾಜಿ ಮಾಡ್ತೀವಿ. ಪೇಂಟ್ ಟೆಸ್ಟ್ ಮಾಡಕ್ಕೆ ಟೊಮ್ಯಾಟೊ ಎಸೆದೆ, ಗೋಡೆ ಜೊತೆ ಮಾತಾಡ್ತಿದ್ದೆ ಅಂದ್ರೆ ನಿನ್ನನ್ನ ಬೆಂಗಳೂರಿಗೆ ಕರ್ಕೊಂಡು ಹೋಗ್ಬೇಕಾಗ್ತದೆ. ತಲೆ ಡಾಕ್ಟರು ನಮಗೆ ಗೊತ್ತಿರೋರೇ. ಯೋಚ್ನೆ ಮಾಡಿ ಹೇಳು.”

ಮೇಷ್ಟ್ರು ಯೋಚನೆ ಮಾಡಿದರು. ಒಂದು ಕಡೆ ಹುಚ್ಚ, ಇನ್ನೊಂದು ಕಡೆ ಮುಂಗೋಪಿ. ಕಾಲೇಜಿನಲ್ಲಿ ಮುಂಗೋಪಿಗಳಿಗೆ ಬೆಲೆಯಿದೆ.

“ಜಗಳಾನೇ ಕಣಪ್ಪ,” ಎಂದರು.

ಹಜಾರವೆಲ್ಲ ನಿಟ್ಟುಸಿರು ಬಿಟ್ಟಿತು. ಮೇಷ್ಟ್ರು ಎಲ್ಲರೆದುರು ಹೆಂಡತಿಯ ಕ್ಷಮೆಯನ್ನೂ ಕೇಳಿದರು. ಆಕೆ ಇನ್ನೂ ಸೆರಗಿನೊಳಗೇ ಕುಲುಕುತ್ತಿದ್ದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ರಾಜಿಯೆಂದರೆ ಬೇರು ಸಮೇತ ಕೀಳಬೇಕು ಎನ್ನುವ ವೆಂಕಟರಾಯಪ್ಪ, ಜಗಳ ಶುರುವಾದದ್ದು ಯಾತಕ್ಕೆ ಎಂದು ಕೇಳಿಬಿಟ್ಟ. ಆಡದ ಜಗಳಕ್ಕೆ ಕಾರಣ ಎಲ್ಲಿಂದ ತರುವುದು? ಅಡುಗೆಮನೆಯಿಂದ ಬೆಳಗಿನ ಸಾರಿನ ಒಗ್ಗರಣೆಯ ವಾಸನೆ ಬಂತು. ಮೇಷ್ಟ್ರ ಬಾಯಿಗೆ ಅದೇ ಬಂತು.

“ಸಾರು ಅಷ್ಟು ಚೆನ್ನಾಗಿರಲಿಲ್ಲ. ಅದಕ್ಕೇ.”

ಭುಜ ಕುಲುಕುವುದು ನಿಂತಿತು. ಸೆರಗು ಕೆಳಗಿಳಿಯಿತು. ಆದಿಲಕ್ಷ್ಮಮ್ಮನ ಮುಖದಲ್ಲಿ ನಗುವಿನ ಒಂದು ಪಸೆಯೂ ಉಳಿದಿರಲಿಲ್ಲ.

“ಸಾರಿಗೆ ಏನಾಗಿತ್ತು ರೀ?”

ವೆಂಕಟರಾಯಪ್ಪ ಮೆಲ್ಲನೆ ಚಪ್ಪಲಿ ಮೆಟ್ಟಿಕೊಂಡ. ಇಂಥ ಕೇಸು ತನ್ನ ಕೈಯಲ್ಲಿ ಬಗೆಹರಿಯುವುದಲ್ಲ ಎಂದು ಬಾಗಿಲಲ್ಲಿ ನಿಂತು ಹೇಳಿ ಬೈಕು ಹತ್ತಿದ. ಸುಭಾನ್ ದಂಪತಿಗಳಿಗೂ ಒಮ್ಮೆಲೇ ತಾರಸಿಯ ಬಟ್ಟೆ ನೆನಪಾಯಿತು. ಇಷ್ಟರಲ್ಲಿ ಬಿಸಿಲಿಗೆ ಟೊಮ್ಯಾಟೊ ಒಣಗಿ ಅಂಟಿಕೊಂಡು, ನಾಲ್ಕೂ ಲೇಪಗಳು ಒಂದೇ ಬಣ್ಣಕ್ಕೆ ತಿರುಗಿ, ಎಲ್ಲವೂ ಫೇಲಾಗಿದ್ದವು.

ಸೋಮವಾರ ಬೆಳಿಗ್ಗೆ ಪೇಂಟರ್ ಭೀಮರಾಜ್ ಏಣಿ ಹೊತ್ತುಕೊಂಡು ಬಂದಾಗ ಮೇಷ್ಟ್ರು ಜಗಲಿಯ ಮೇಲೆ ಒಬ್ಬರೇ ಕೂತು ಬಾಳೆಹಣ್ಣು ಸುಲಿಯುತ್ತಿದ್ದರು. ಯಾವ ಲೇಪ ಅಂತ ತೀರ್ಮಾನವಾಯಿತು ಎಂದು ಅವನು ಕೇಳಿದ.

“ಒಳಗೆ ಹೋಗಿ ಅಮ್ಮಾವ್ರನ್ನ ಕೇಳಪ್ಪ,” ಎಂದರು ಮೇಷ್ಟ್ರು. ಆಮೇಲೆ ಸುತ್ತ ನೋಡಿ, ದನಿ ತಗ್ಗಿಸಿದರು. “ಹಾಗೇ, ಇವತ್ತು ನನಗೂ ಊಟ ಇದೆಯಾ ಅಂತ ಕೇಳ್ಕೊಂಡು ಬಾ.”