ಬಸದಿ ಬಾಗಿಲ ಬೀಗದವರಿಗೆ ಬಿನ್ನಹ

ಹಿತ್ತಾಳೆ ಮೈಯ, ಉಕ್ಕಿನ ಕೊರಳಿನ ಮಾನ್ಯ ಬೀಗದವರೇ,

ತಮಗೂ ತಮ್ಮ ಚಿಲಕ, ಸರಪಳಿ ಮುಂತಾದ ಪರಿವಾರಕ್ಕೂ ಹುಣಸೂರು ತಾಲ್ಲೂಕಿನ ನಮ್ಮೂರ ಸಮಸ್ತರ ಪರವಾಗಿ ಹೊಗೆಸೊಪ್ಪಿನ ವ್ಯಾಪಾರಿ ಜವರಯ್ಯನ ಅನಂತ ನಮಸ್ಕಾರಗಳು.

ತಾವು ಊರಿಗೆ ಹೊಸಬರಾದ್ದರಿಂದ ತಾವು ಕಾಯುವ ಕಟ್ಟಡದ ಪೂರ್ವೋತ್ತರ ಅರಿಕೆ ಮಾಡುತ್ತೇನೆ. ಹೊಯ್ಸಳರ ಕಾಲದಲ್ಲಿ ಯಾರೋ ಜೈನ ವರ್ತಕರು ಈ ಬಸದಿ ಕಟ್ಟಿಸಿದರಂತೆ. ಅವರ ಮನೆತನಗಳು ಊರು ಬಿಟ್ಟ ಮೇಲೆ ಪಾಳೇಗಾರರು ಇಲ್ಲಿ ಮದ್ದುಗುಂಡು ಇಟ್ಟರು, ನಮ್ಮಜ್ಜಂದಿರು ಹುರುಳಿ ಇಟ್ಟರು, ನಾನು ಹೊಗೆಸೊಪ್ಪು ಒತ್ತಿ ಕಟ್ಟಿದ ಬೇಲು ಇಟ್ಟೆ, ಕಡೆಗೆ ಸರ್ಕಾರ ಶಾಲೆ ಕೊಟ್ಟು ಕಟ್ಟಡ ಕೊಡಲು ಮರೆತಾಗ ನಂಜುಂಡಸ್ವಾಮಿ ಮೇಷ್ಟ್ರು ಮಕ್ಕಳನ್ನು ಕೂರಿಸಿದರು. ನನ್ನ ಬೇಲುಗಳ ಘಾಟಿಗೆ ಸೀನುತ್ತಲೇ ಮಕ್ಕಳು ಮಗ್ಗಿ ಕಲಿತವು. ಪಾಠದ ನಡುವೆ ಒಂದೂ ತೂಕಡಿಸಲಿಲ್ಲ. ಇಷ್ಟೂ ಕಾಲ ಬಾಗಿಲಿಗೆ ಒಂದು ತುಂಡು ಹಗ್ಗ ಸಾಕಾಗಿತ್ತು.

ಹೋದ ಶಿವರಾತ್ರಿ ಕಳೆದ ಮೇಲೆ ಪುರಾತತ್ವ ಇಲಾಖೆಯ ಸಾಹೇಬರು ಜೀಪಿನಲ್ಲಿ ಬಂದು, ಇದಿನ್ನು ಸಂರಕ್ಷಿತ ಸ್ಮಾರಕ ಎಂದು ಹೇಳಿ, ಮಕ್ಕಳನ್ನೂ ಬೇಲುಗಳನ್ನೂ ಹುಣಸೆ ಮರದಡಿಗೆ ಅಟ್ಟಿ, ತಮ್ಮನ್ನು ನೇಮಿಸಿದರು. ಸಂಬಳ ಬೇಡದೆ, ರಜೆ ಕೇಳದೆ ತಾವು ಕಾದ ಪರಿಯನ್ನು ಒಳಗಿನ ಬಾವಲಿಗಳು ಇಂದಿಗೂ ನೆನೆಯುತ್ತವೆ.

ತಮ್ಮ ಪದವಿ ಹೆಚ್ಚಿಸಿದವರು ಮಾತ್ರ ಪುಟ್ಟಸಿದ್ದಮ್ಮನವರು. ಒಳಗಿನ ಕಲ್ಲುದೇವರಿಗೆ ಸೋಮವಾರದ ಪೂಜೆ ತಪ್ಪಬಾರದೆಂದು ಆ ಹಿರಿಯಾಕೆ, ಕೈಗೆಟುಕಿದ ತಮಗೇ ಎಣ್ಣೆ ಎರೆದು, ಅರಿಶಿನ ಕುಂಕುಮ ಮೆತ್ತಿ, ಹೂ ಮುಡಿಸಿದರು. ಊರ ಹೆಂಗಸರೆಲ್ಲ ಅದನ್ನೇ ಹಿಡಿದರು. ಅಷ್ಟರಲ್ಲಿ ಮುಂಗಾರು ಬಂತು. ಮರದಡಿಯ ಶಾಲೆ ಮಳೆಗೆ ನಿಂತರೆ ಮಕ್ಕಳು ಹೊಗೆಸೊಪ್ಪು ಕೊಯ್ಯಲು ನನ್ನ ಹೊಲಕ್ಕೇ ಬರುತ್ತವೆ, ಲಾಭ ನನಗೇ. ಆದರೆ ಕಾಡಂಚಿನ ಹಾಡಿಯ ಚೆನ್ನಿ ಈಗಷ್ಟೇ ಎರಡನೇ ಕ್ಲಾಸಿಗೆ ಬಂದಿದ್ದಾಳೆ, ಒಮ್ಮೆ ಹೊಲಕ್ಕಿಳಿದ ಮಗು ಮತ್ತೆ ಸ್ಲೇಟು ಹಿಡಿಯುವುದಿಲ್ಲ. ಆ ವಯಸ್ಸಿಗೆ ಹೊಲಕ್ಕಿಳಿದವನು ನಾನು, ನನಗೆ ಗೊತ್ತು.

ಮೇಷ್ಟ್ರು ಮೈಸೂರಿಗೆ ಅಲೆದಲೆದು, ಮಳೆಗಾಲದ ಮಟ್ಟಿಗೆ ಬಾಗಿಲು ತೆರೆಯಲು ಅಪ್ಪಣೆ ಪಡೆದರು. ಸಾಹೇಬರು ಬಂದು ಕೀಲಿಕೈ ಹಾಕಿದರೆ ಅದು ಒಳಗೇ ಹೋಗಲಿಲ್ಲ. ತಮ್ಮ ಹೊಟ್ಟೆಯೊಳಗೆ ಕುಂಕುಮ ಗಟ್ಟಿಯಾಗಿ ಕೂತಿತ್ತು. ಸುತ್ತಿಗೆ ತರಿಸಿದರೆ ಪುಟ್ಟಸಿದ್ದಮ್ಮ ಅಡ್ಡ ನಿಂತರು.

"ನೀವೇ ತಂದು ಕೂರ್ಸುದ್ರಿ ಕಣ್ ಸ್ವಾಮಿ. ಪೂಜೆ ತಕ್ಕಂಡ್ ಮ್ಯಾಕೆ ಒಡೆಯೋಕೆ ಈಗ ನೀವ್ಯಾರು?"

ಹನಿ ಬೀಳತೊಡಗಿತ್ತು, ಮಕ್ಕಳು ಸ್ಲೇಟನ್ನು ತಲೆಯ ಮೇಲಿಟ್ಟುಕೊಂಡಿದ್ದವು. ನಾನು ನಾಲ್ಕು ಜನ ಹಮಾಲರನ್ನು ಕರೆಸಿ, ಜೋಡಿ ಬಾಗಿಲನ್ನು ತಮ್ಮ ಸಮೇತ ಚೌಕಟ್ಟಿನಿಂದ ಎತ್ತಿಸಿ, ಹುಣಸೆ ಮರಕ್ಕೆ ಒರಗಿಸಿದೆ. ಮಕ್ಕಳು ಬಸದಿಯೊಳಕ್ಕೆ ಓಡಿದವು. ಅಷ್ಟಾದರೂ ತಾವು ಬಾಯಿ ಬಿಡಲಿಲ್ಲ. ಇಂಥ ನಿಷ್ಠೆಯನ್ನು ನಾನು ಯಾವ ಗುಮಾಸ್ತನಲ್ಲೂ ಕಂಡಿಲ್ಲ.

ಇನ್ನು ತಾವು ಆ ಮರ ಎಲ್ಲಿಗೂ ಹೋಗದಂತೆ ಕಾಯಬೇಕು, ಮಳೆಗೆ ಬಸದಿಯ ದಾರಿ ತೋರಿಸಬಾರದು, ಸಾಧ್ಯವಾದರೆ ಅದರ ಮೂಲೆಯಲ್ಲಿ ನನ್ನ ಬೇಲುಗಳಿಗೂ ಒಂದಿಷ್ಟು ಜಾಗ ಕೊಡಿಸಬೇಕೆಂದು ಪ್ರಾರ್ಥನೆ.

ತಮ್ಮನ್ನು ಬಾಗಿಲ ಸಮೇತ ಎತ್ತಿಸಿದವನು, ಆದರೂ ವಿಶ್ವಾಸಿ,
ಜವರಯ್ಯ

ಮರೆತ ಮಾತು: ಸಾಹೇಬರು ಮೇಲಿನವರಿಗೆ 'ಬೀಗ ಭದ್ರವಾಗಿದೆ' ಎಂದು ಬರೆದು ಕಳಿಸಿದ್ದಾರೆ, ಒಂದಕ್ಷರವೂ ಸುಳ್ಳಲ್ಲ. ಮಳೆಗಾಲ ಮುಗಿದೊಡನೆ ತಮ್ಮನ್ನು ಬಸದಿಗೆ ಮರಳಿಸುವುದಾಗಿ ನಾವೂ ಮಾತು ಕೊಟ್ಟಿದ್ದೆವು. ಆದರೆ ಪುಟ್ಟಸಿದ್ದಮ್ಮ ಮರದಡಿ ತಮಗೊಂದು ಕಲ್ಲುಕಟ್ಟೆ ಕಟ್ಟಿಸಿಬಿಟ್ಟಿದ್ದಾರೆ, ಪ್ರತಿಷ್ಠೆಯಾದವರನ್ನು ಅಲುಗಿಸಬಾರದಂತೆ.