ಬ್ರೇಕ್ ಮುಟ್ಟದ ಗಂಡ, ಹಿಂದಿನ ಸೀಟಿನ ಹೆಂಡತಿ

"ಇವತ್ತು ಗುಡ್ಡ ಇಳಿಯೋವರೆಗೂ ಬ್ರೇಕ್ ಮುಟ್ಟಲ್ಲ, ಬರೀ ಗೇರಲ್ಲೇ ನಿಧಾನ ಮಾಡ್ತೀನಿ, ನೋಡ್ತಿರು," ಎಂದು ಗಡಿಯಾರ ರಿಪೇರಿಯವನು ಹೆಂಡತಿಯ ಶಾಲೆಯ ಗೇಟಿನಲ್ಲೇ ಘೋಷಿಸಿದ.

"ಮೊದ್ಲು ಹಿಂದಿನ ಬಾಗಿಲು ತೆಗೀರಿ," ಎಂದಳು ಟೀಚರಮ್ಮ.

ನಾಲ್ಕು ತಿಂಗಳಿಂದ ಇದೇ ಕಥೆ. ಅವನು ಗೇರ್ ಇಳಿಸಿದಾಗಲೆಲ್ಲ ಕಾರು ಮುಗ್ಗರಿಸುತ್ತಿತ್ತು, ಪಕ್ಕದಲ್ಲಿ ಕೂತವಳ ಕತ್ತು ಉಳುಕುತ್ತಿತ್ತು. "ನಿಮ್ಮ ಗೇರಿಗೂ ನನ್ನ ಕತ್ತಿಗೂ ಆಗಿಬರಲ್ಲ" ಎಂದು ದಿಂಬು ಸಮೇತ ಹಿಂದಕ್ಕೆ ಹೋದವಳು ಮತ್ತೆ ಮುಂದೆ ಬಂದಿರಲಿಲ್ಲ. ಮೊದಲೆಲ್ಲ ಮಕ್ಕಳು ಉತ್ತರಪತ್ರಿಕೆಯಲ್ಲಿ ಬರೆದ ಅವಾಂತರಗಳನ್ನು ಓದಿ ಹೇಳಿ, ನಗು ತಡೆಯಲಾರದೆ ಅವನ ತೋಳಿಗೆ ಹೊಡೆಯುತ್ತಿದ್ದಳು. ಈಗ ಆ ತೋಳು ಬಿಕೋ ಎನ್ನುತ್ತಿತ್ತು. ಕನ್ನಡಿಯಲ್ಲಿ ಕಾಣುತ್ತಿದ್ದುದು ಅರ್ಧ ಹಣೆ ಮಾತ್ರ. ಉಳಿದ ಹೆಂಡತಿಗಾಗಿ ಅವನ ಜೀವ ಹಂಬಲಿಸುತ್ತಿತ್ತು.

ಅದಕ್ಕೇ ಒಂದು ತಿಂಗಳು ಬೆಳಗಾಗುತ್ತಲೇ ಒಬ್ಬನೇ ಈ ಗುಡ್ಡಕ್ಕೆ ಬಂದು, ಖಾಲಿ ರಸ್ತೆಯಲ್ಲಿ ತಪಸ್ಸು ಮಾಡಿದ್ದ. ಕ್ಲಚ್ ಒತ್ತು, ಆಕ್ಸಿಲರೇಟರ್ ಒಂಚೂರು ತುಳಿ, ಗೇರ್ ಇಳಿಸು, ಕ್ಲಚ್ ಮೆಲ್ಲಗೆ ಬಿಡು. ದಿನವಿಡೀ ಹಲ್ಲಿನ ಚಕ್ರಗಳ ಜೊತೆ ಸಂಸಾರ ಮಾಡುವವನಿಗೆ ಇದು ಯಾವ ಮಹಾವಿದ್ಯೆ!

ಮೊದಲ ತಿರುವಿಗೆ ಮೂರನೇ ಗೇರು. ಎರಡನೆಯದಕ್ಕೆ ಎರಡು. ಎಂಜಿನ್ ಗುರ್ರೆಂದು ಕಾರನ್ನು ತಾನೇ ಹಿಡಿದುಕೊಂಡಿತು.

"ಪರವಾಗಿಲ್ವೇ, ಕತ್ತು ಅಲ್ಲಾಡ್ಲೇ ಇಲ್ಲ," ಎಂದಳು ಹಿಂದಿನಿಂದ.

"ಹಾಗಾದ್ರೆ ನಾಳೆ ಮುಂದೆ ಕೂರ್ತೀಯಾ?"

"ನೋಡೋಣ."

ಅವಳ 'ನೋಡೋಣ' ಅಂದರೆ ಅರ್ಧ ಒಪ್ಪಿಗೆ. ಉಳಿದರ್ಧವನ್ನೂ ಇಲ್ಲೇ ಗಿಟ್ಟಿಸುವ ಆಸೆಗೆ, ತಿರುವೇ ಇಲ್ಲದ ಕಡೆ ಒಂದನೇ ಗೇರಿಗೆ ಇಳಿಸಿದ. ಕಾರು ಒಂದಿಷ್ಟೂ ಕುಲುಕದೆ ಆಮೆ ನಡಿಗೆಗೆ ಬಂತು.

ಹಿಂದಿನಿಂದ ಧಡ್!

"ನಿಂಗೇನಾದ್ರೂ ಆಯ್ತಾ?" ಎಂದು ಅವನು ಗಾಬರಿಯಿಂದ ತಿರುಗಿದ.

"ನಂಗೇನಿಲ್ಲ. ಗುದ್ದಿದ್ದು ಯಾರು ನೋಡಿ, ನಮ್ಮ ಹೆಡ್ ಮೇಡಂ."

ಅವನು ಕಾರು ನಿಲ್ಲಿಸಿ, ಕೀ ಕಿತ್ತುಕೊಂಡು ಇಳಿದು ಓಡಿದ. ಮೇಡಂ ಆಗಲೇ ತರಗತಿಗೆ ಬಂದವರಂತೆ ರಸ್ತೆಯಲ್ಲಿ ನಿಂತಿದ್ದರು.

"ನಿಮ್ಮ ಬ್ರೇಕ್ ಲೈಟ್ ಕೆಟ್ಟಿದ್ಯೇನ್ರೀ?"

"ಇಲ್ಲ ಮೇಡಂ, ನಾನು ಬ್ರೇಕೇ ಹಾಕಿಲ್ಲ," ಎಂದ, ಹೆಮ್ಮೆ ತಡೆಯಲಾರದೆ.

"ಬ್ರೇಕ್ ಹಾಕ್ದೆ ಕೆಂಪು ದೀಪ ಹೇಗ್ರೀ ಹತ್ತುತ್ತೆ? ನೀವು ನಿಧಾನ ಮಾಡಿದ್ದು ನಂಗೇನು ಕನಸು ಬೀಳುತ್ತಾ?"

ತಿಂಗಳ ತಪಸ್ಸಿನಲ್ಲಿ ಒಂದು ದಿನವೂ ಅವನ ಹಿಂದೆ ಯಾರೂ ಬಂದಿರಲಿಲ್ಲ.

ಅಷ್ಟರಲ್ಲಿ ಕಾರಿನ ಕಡೆ ನೋಡಿದ. ಗುದ್ದಿದ ಏಟಿಗೆ ಹಿಂದಿನ ಬಾಗಿಲೆರಡೂ ಬಿಗಿದುಕೊಂಡಿದ್ದರಿಂದ, ಹೆಂಡತಿ ಸೀಟುಗಳ ನಡುವೆ ನುಸುಳಿ ಮುಂದಕ್ಕೆ ಬರುತ್ತಿದ್ದಳು. ಮುಂದಕ್ಕೆ!

"ತಪ್ಪಾಯ್ತು ಮೇಡಂ," ಎಂದ.

"ತಪ್ಪಾಯ್ತು ಅಂತ ನಗ್ತಾ ಹೇಳ್ತೀರಲ್ರೀ!"

ನುಜ್ಜಾದ ಡಿಕ್ಕಿಯ ಪಕ್ಕ ನಿಂತು ಮೇಡಂ ಮಾಡಿದ ಉದ್ದನೆಯ ಪಾಠ ಕೇಳಿಸಿಕೊಂಡು ಅವನು ವಾಪಸು ಬಂದಾಗ, ಅವಳು ಸ್ಟಿಯರಿಂಗ್ ಮುಂದೆ ಬೆಲ್ಟ್ ಹಾಕಿ ಕೂತಿದ್ದಳು.

"ಕೀ ಕೊಡಿ."

ಕೊಟ್ಟ. ಆಚೆ ಬಾಗಿಲಿನಿಂದ ಹತ್ತಿಕೊಂಡ. ಅವಳು ಎರಡನೇ ಗೇರಿನಲ್ಲೇ ಇಳಿಯುತ್ತ, ಹಿಂದಿನವರಿಗೆ ಗೊತ್ತಾಗಲೆಂದು ಪ್ರತಿ ತಿರುವಿನ ಮೊದಲೂ ಬ್ರೇಕಿಗೆ ಹಗುರವಾಗಿ ಕಾಲು ತಾಕಿಸುತ್ತಿದ್ದಳು. ನಾಲ್ಕು ತಿಂಗಳ ಮೇಲೆ ಅವಳ ಮುಖ ಇಷ್ಟು ಹತ್ತಿರದಲ್ಲಿತ್ತು.

"ಇನ್ಮೇಲೆ ದಿನಾ ಹೀಗೇ ನನ್ನ ಪಕ್ಕದಲ್ಲಿ ಕೂರ್ತೀಯಾ?"

"ಪಕ್ಕದಲ್ಲಿ ಕೂರೋರು ನೀವು," ಎಂದಳು. "ಓಡಿಸೋಳು ನಾನು."