ಆಕಡಾ ಎಣಿಸಿದ ಪಕ್ಷಿಪ್ರೇಮಿ

ಹಕ್ಕಿ ನೋಡುವುದರಿಂದ ಯಾರಿಗೂ ಯಾವ ತೊಂದರೆಯೂ ಇಲ್ಲ ಎಂಬ ದೃಢ ನಂಬಿಕೆಯಿಂದಲೇ ನಾನು ಆ ಹವ್ಯಾಸಕ್ಕೆ ಕೈ ಹಾಕಿದ್ದು. ಎಂಬತ್ತರ ದಶಕದ ಕೊನೆ. ಧಾರವಾಡದ ಮಾಸ್ತರನಾದ ನನಗೆ ಅಥಣಿ ತಾಲೂಕಿನ, ಕೃಷ್ಣೆಯ ದಂಡೆಯ ಒಂದು ಊರಿಗೆ ವರ್ಗವಾಗಿತ್ತು. ಇಡೀ ಊರಿನಲ್ಲಿ ಬಾಡಿಗೆಗೆ ಸಿಕ್ಕಿದ್ದು ಒಂದೇ ಮನೆ. ಮಾಲೀಕರು ಅಪ್ಪಾಸಾಹೇಬರು, ಕಬ್ಬು ಬೆಳೆಯುವ ರೈತರು. ಆ ಮನೆ ತಪ್ಪಿದರೆ ನನಗೂ ಹೆಂಡತಿ ಶಾಂತಾಳಿಗೂ ಶಾಲೆಯ ವರಾಂಡವೇ ಗತಿ!

ಮಿರಜಿನ ಸಂತೆಯಲ್ಲಿ ಒಂದು ಹಳೆಯ ದುರ್ಬೀನು ಕೊಂಡೆ. ಬೆಳಗ್ಗೆ ಆರಕ್ಕೆಲ್ಲ ಹೊಳೆದಂಡೆಯ ಕಬ್ಬಿನ ಮರೆಯಲ್ಲಿ ಕೂತು, ಬಂದ ಹಕ್ಕಿಗಳನ್ನು ಎಣಿಸಿ ವಹಿಯಲ್ಲಿ ಬರೆಯತೊಡಗಿದೆ. ನಾಲ್ಕನೆಯ ದಿನ ಹಿಂದಿನಿಂದ ಕೆಮ್ಮು ಕೇಳಿಸಿತು. ಅಪ್ಪಾಸಾಹೇಬರು!

“ಏನ್ ನಡಸೀರಿ ಮಾಸ್ತರ್ರ, ಕಬ್ಬಿನಾಗ ಕುಂತು?”

ಗಡಿಯ ಜನರೊಡನೆ ಅವರ ಮಾತಿನಲ್ಲೇ ಮಾತಾಡಬೇಕೆಂಬುದು ನನ್ನ ಸಿದ್ಧಾಂತ. ಅಂಕಿಗೆ ಮರಾಠಿಯಲ್ಲಿ ‘ಆಕಡಾ’ ಎನ್ನುತ್ತಾರೆಂದು ಹಿಂದಿನ ವಾರವಷ್ಟೇ ಕಲಿತಿದ್ದೆ.

“ಆಕಡಾ ಬರ್ಕೊಳ್ಳಾಕತ್ತೇನ್ರಿ!” ಎಂದೆ ಹೆಮ್ಮೆಯಿಂದ.

ಅವರ ಮುಖ ಸಣ್ಣದಾಯಿತು. “ಎಷ್ಟ್ ಸಿಕ್ಕೂವ್ರಿ?”

“ಇವತ್ತ ಹತ್ತು. ದಿನಾ ಬರ್ತೇನ್ರಿ. ಒಂದೂ ಬಿಡಂಗಿಲ್ಲ!”

“ಬರ್ದು... ಏನ್ ಮಾಡಾವ್ರು?”

“ಬೆಳಗಾವಿಗೆ ಕಳಸ್ತೇನ್ರಿ. ಪೇಪರ್‌ದಾಗೂ ಹಾಕಸ್ತೇನಿ!”

ಅವರು ಸರಸರನೆ ಊರ ಕಡೆ ನಡೆದರು. ನನ್ನ ಪಕ್ಷಿಪ್ರೇಮವನ್ನು ಊರಿಗೆಲ್ಲ ಸಾರಲು ಹೊರಟರೆಂದು ತಿಳಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಮರುದಿನ ನಾನು ಕಾಲಿಟ್ಟೊಡನೆ ಚಹಾದಂಗಡಿಯಲ್ಲಿ ಮಾತು ನಿಂತಿತು. ಮನೆಗೆ ಹಾಲು ಬರಲಿಲ್ಲ. ಹೊಳೆದಂಡೆಯಲ್ಲಿ ನಾನು ಬೆಳ್ಳಕ್ಕಿ ನೋಡುತ್ತಿದ್ದರೆ, ನನ್ನನ್ನು ನೋಡಲು ಹಿಂದೆ ಮೂವರು ಕೂತಿದ್ದರು. ಅದಾಗಿ ಮೂರನೆಯ ದಿನ ಅಪ್ಪಾಸಾಹೇಬರೇ ಬಾಗಿಲಿಗೆ ಬಂದರು.

“ಮಾಸ್ತರ್ರ, ಮನಿ ಖಾಲಿ ಮಾಡ್ರಿ.”

ಶಾಂತಾ ಒಳಗಿನಿಂದ ಓಡಿ ಬಂದಳು. “ಯಾಕ್ರಿ ಅಣ್ಣಾರ, ಏನ್ ತಪ್ಪಾತು?”

“ಇವರ ಬಾಯಿಲೆ ಹೇಳ್ಯಾರವ್ವಾ, ನಮ್ಮ ಆಕಡಾ ಎಣಿಸಿ ಬೆಳಗಾವಿಗೆ ಕಳಸ್ತಾರಂತ! ಕರೆಂಟ್ ಆಫೀಸಿನ ಮಂದಿ ಇವರು!”

ಹೊಲದ ತಂತಿಗೆ ನೇತುಬಿದ್ದ ಕೊಕ್ಕೆಗಳತ್ತ ಅವರ ಕಣ್ಣು ಹೋದಾಗ ತಿಳಿಯಿತು. ಹೊಳೆದಂಡೆಯಲ್ಲಿ ಆಕಡಾ ಎಂದರೆ ಅಂಕಿಯಲ್ಲ. ಪರವಾನಗಿ ಇಲ್ಲದೆ ನೀರಿನ ಮೋಟರು ಓಡಿಸಲು ಕರೆಂಟಿನ ತಂತಿಗೆ ಸಿಕ್ಕಿಸುವ ಕೊಕ್ಕೆ!

ಓಡಿಹೋಗಿ ವಹಿ ತಂದು ತೋರಿಸಿದೆ. ಅವರು ಓದಿದರು: “ಬೆಳ್ಳಕ್ಕಿ ಏಳು, ನೀರುಕಾಗೆ ಮೂರು.” ಅನುಮಾನ ಇನ್ನೂ ಬಲಿಯಿತು. “ಗುಟ್ಟಿನ ಹೆಸರಿಟ್ಟು ಬರದೀರಿ, ಹೌದಿಲ್ಲೊ? ಬೆಳ್ಳಕ್ಕಿ ಅಂದ್ರ ಯಾರು, ನಾನ?” ಅವರು ಬಿಳಿ ರುಮಾಲು ಸುತ್ತಿದ್ದು ನನ್ನ ದುರದೃಷ್ಟ.

ಶಾಂತಾ ಹಣೆ ಚಚ್ಚಿಕೊಂಡಳು. “ಅಣ್ಣಾರ, ಇವರಿಗೆ ಒಂದ್ ಫ್ಯೂಸ್ ಹಾಕಾಕ ಬರಂಗಿಲ್ಲ. ಕರೆಂಟ್ ಆಫೀಸಿನ್ಯಾಗ ಇವರನ್ನ ಯಾರ್ ಇಟ್ಕೋತಾರ್ರಿ?”

“ಹಂಗಾರ ಹಾಕ್ಲಿ, ನೋಡೂಣು,” ಎಂದು ಅಪ್ಪಾಸಾಹೇಬರು ಫ್ಯೂಸು ಕಿತ್ತು ನನ್ನ ಕೈಗಿಟ್ಟರು.

ಧರ್ಮಸಂಕಟ ನೋಡಿ! ಸರಿಯಾಗಿ ಹಾಕಿದರೆ ಮನೆ ಹೋಗುತ್ತದೆ; ತಪ್ಪಾಗಿ ಹಾಕಿದರೆ ಹೆಂಡತಿಯ ಎದುರು ಮಾನ. ಮಾನಕ್ಕಿಂತ ಮನೆ ದೊಡ್ಡದೆಂದು, ಬೇಕಂತಲೇ ತಪ್ಪು ಮಾಡಲು ನಿರ್ಧರಿಸಿದೆ. ಅದರ ಅಗತ್ಯವೇ ಬೀಳಲಿಲ್ಲ! ಟಪ್! ಕಿಡಿ ಹಾರಿತು, ನಾನು ಅಂಗಳಕ್ಕೆ ಹಾರಿದೆ. ಗೋಡೆಯಾಚೆ ಅವರ ಮನೆಯ ರೇಡಿಯೋ ಕೂಡ ಬಾಯಿ ಮುಚ್ಚಿತು.

ಅಪ್ಪಾಸಾಹೇಬರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಮನಿ ನಿಮ್ದ ಐತ್ರಿ ಮಾಸ್ತರ್ರ, ಆರಾಮ ಇರ್ರಿ. ಹಕ್ಕಿ ಬೇಕಾದಷ್ಟ ಎಣಸ್ರಿ. ಖರೆ, ವೈರಿನ ಮ್ಯಾಲ ಕುಂತ ಹಕ್ಕಿ ಕಡೆ ಮಾತ್ರ ನೋಡಬ್ಯಾಡ್ರಿ. ಅವನ್ನ ನಾವ ಎಣಿಸಿ ಕೊಡ್ತೀವಿ!”